‘ರನ್’ ಅಂದ್ರೆ ಬರೀ ಓಡೋದಲ್ಲ: ಒಂದು ಪುಟ್ಟ ಪದ, 645 ಅರ್ಥ

ಇವತ್ತಿನ ಕಂತು ಒಂದೇ ಒಂದು ಇಂಗ್ಲಿಷ್ ಕ್ರಿಯಾಪದದ ಬಗ್ಗೆ. ಇಂಗ್ಲಿಷ್‌ನಲ್ಲಿ ಬರೆದರೆ ಮೂರೇ ಅಕ್ಷರ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತು, ಇಂಗ್ಲಿಷ್ ಕಲಿಯದ ಕ್ರಿಕೆಟ್ ಪ್ರೇಮಿ ಅಜ್ಜನಿಗೂ ಗೊತ್ತು. ರನ್.

ರನ್ ಅಂದ್ರೆ ಓಡು. ಮುಗೀತಲ್ಲ, ಇದಕ್ಕೊಂದು ಕಂತು ಬೇಕಾ ಅಂತ ನೀವು ಕೇಳಬಹುದು. ಸರಿ, ಒಂದು ಲೆಕ್ಕ ಹೇಳ್ತೀನಿ. ಇಂಗ್ಲಿಷ್ ಭಾಷೆಯ ಅತಿ ದೊಡ್ಡ ನಿಘಂಟುಗಳಲ್ಲಿ ಒಂದಾದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಲ್ಲಿ ಈ ಕ್ರಿಯಾಪದಕ್ಕೆ ಕೊಟ್ಟಿರೋ ಅರ್ಥಗಳು 645. ಆರುನೂರ ನಲವತ್ತೈದು! ಅದನ್ನು ಪರಿಷ್ಕರಿಸಿದ ನಿಘಂಟುಕಾರ ಪೀಟರ್ ಗಿಲಿವರ್. ಈ ಒಂದು ಪದಕ್ಕೆ ಅವರು ತಗೊಂಡ ಸಮಯ ಒಂಬತ್ತು ತಿಂಗಳು. ಹೌದು, ಒಂದು ಮಗು ಹುಟ್ಟೋಕೆ ಬೇಕಾದಷ್ಟೇ.

ಮೊದಲು ಈ ಪಟ್ಟ ‘ರನ್’ನದಾಗಿರಲಿಲ್ಲ. 1989ರಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ ಅನ್ನೋ ಕ್ರಿಯಾಪದದ್ದು. 430ಕ್ಕೂ ಹೆಚ್ಚು ಅರ್ಥಗಳು, ವಿವರಣೆಯೇ ಸುಮಾರು 60,000 ಪದಗಳಷ್ಟು. ಒಂದು ಪದದ ವಿವರಣೆ ಒಂದು ಸಣ್ಣ ಕಾದಂಬರಿಯಷ್ಟಾಯ್ತು! ಆಮೇಲೆ ಮೂರನೇ ಆವೃತ್ತಿಗಾಗಿ ಪರಿಷ್ಕರಣೆ ಶುರುವಾಯ್ತು. 2000ದಲ್ಲಿ ‘ಮೇಕ್’ ಮುಂದೆ ಬಂತು, 2007ರಲ್ಲಿ ‘ಪುಟ್’, 2011ರಲ್ಲಿ ‘ರನ್’. ಗಮನಿಸಿ, ಎಲ್ಲವೂ ಮೂರು ನಾಲ್ಕು ಅಕ್ಷರದ ಚಿಲ್ಲರೆ ಪದಗಳೇ. ದೊಡ್ಡ ದೊಡ್ಡ ಪದಗಳು ಈ ಸ್ಪರ್ಧೆಯಲ್ಲೇ ಇಲ್ಲ.

ಯಾಕೆ ‘ರನ್’? ಲೇಖಕ ಸೈಮನ್ ವಿಂಚೆಸ್ಟರ್ 2011ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇದರ ಬಗ್ಗೆ ಬರೆದಿದ್ದರು. ನಮ್ಮ ಧಾವಂತದ ಕಾಲಕ್ಕೆ ತಕ್ಕ ಕ್ರಿಯಾಪದ ಇದು ಅನ್ನೋದು ಅವರ ವಾದ. ರೈಲು ಬಂತು, ಎಂಜಿನ್ ಬಂತು, ಕಂಪ್ಯೂಟರ್ ಬಂತು. ಬಂದ ಯಂತ್ರಕ್ಕೆಲ್ಲ ಇಂಗ್ಲಿಷ್ ಈ ಪದವನ್ನೇ ಅಂಟಿಸ್ತು. ರೈಲು ‘ರನ್’ ಆಗುತ್ತೆ, ಫ್ಯಾಕ್ಟರಿ ‘ರನ್’ ಆಗುತ್ತೆ, ನಿಮ್ಮ ಫೋನಿನಲ್ಲಿ ಈ ಕ್ಷಣ ಹಿನ್ನೆಲೆಯಲ್ಲಿ ಹತ್ತು ಆ್ಯಪ್ ‘ರನ್’ ಆಗ್ತಾ ಬ್ಯಾಟರಿ ತಿಂತಾ ಇರುತ್ತೆ.

ಅವರ ಮಾತು ಸರಿ, ಆದರೆ ನನಗನ್ನಿಸೋದು ಅದು ಅರ್ಧ ಕಥೆ. ಉಳಿದರ್ಧ ಇನ್ನೂ ಹಳೇದು.

ಸಾವಿರ ವರ್ಷ ಹಿಂದಿನ ಇಂಗ್ಲಿಷ್‌ನಲ್ಲಿ ಇದರ ಮೂಲರೂಪ ‘ರಿನ್ನನ್’. ಅದಕ್ಕೆ ಕಾಲಿನಿಂದ ಓಡೋದು ಅಂತಲೂ ಅರ್ಥ ಇತ್ತು, ನೀರು ಹರಿಯೋದು ಅಂತಲೂ ಇತ್ತು. ಇಂಗ್ಲಿಷ್‌ನ ಸೋದರ ಭಾಷೆ ಜರ್ಮನ್‌ನಲ್ಲಿ ಇವತ್ತಿಗೂ ಇವು ಎರಡು ಬೇರೆ ಪದಗಳಾಗಿ ಉಳಿದಿವೆ. ಓಡೋದಕ್ಕೆ ‘ರೆನ್ನೆನ್’, ನೀರು ಸಣ್ಣಗೆ ಹರಿಯೋದಕ್ಕೆ ‘ರಿನ್ನೆನ್’. ಇಂಗ್ಲಿಷ್‌ನಲ್ಲಿ ಎರಡೂ ಒಂದೇ ಪದದೊಳಗೆ ಸೇರಿಹೋದವು. ಅಂದ್ರೆ ‘ರನ್’ ಅನ್ನೋ ಪದಕ್ಕೆ ಹುಟ್ಟಿನಿಂದಲೇ ಕಾಲೂ ಇದೆ, ನೀರೂ ಇದೆ.

ಇದನ್ನ ನೆನಪಲ್ಲಿಡಿ. ಈಗ ಕನ್ನಡಕ್ಕೆ ಬರ್ತೀನಿ, ನಿಜವಾದ ಮಜಾ ಇರೋದು ಇಲ್ಲೇ.

ಇಂಗ್ಲಿಷ್ ಒಂದೇ ಪದದಲ್ಲಿ ತುಂಬಿಟ್ಟಿದ್ದನ್ನ ಕನ್ನಡ ಮುಖ್ಯವಾಗಿ ಮೂರು ಕ್ರಿಯಾಪದಗಳಿಗೆ ಹಂಚಿದೆ. ಓಡು, ಹರಿ, ನಡೆ. ಕಾಲು ಮತ್ತು ಚಕ್ರದ ಕೆಲಸ ‘ಓಡು’ಗೆ. ನೀರಿನ ಕೆಲಸ ‘ಹರಿ’ಗೆ. ಜವಾಬ್ದಾರಿಯ ಕೆಲಸ ‘ನಡೆ’ಗೆ.

ಕುದುರೆ ಓಡುತ್ತೆ, ಬಸ್ ಓಡುತ್ತೆ, ಆಟೋದ ಮೀಟರ್ ಓಡುತ್ತೆ (ಕೆಲವು ಸಲ ಆಟೋಗಿಂತ ಜೋರಾಗಿ), ಟೈಮ್ ಓಡುತ್ತೆ. ಇಲ್ಲೆಲ್ಲ ಇಂಗ್ಲಿಷ್‌ನವರೂ ‘ರನ್’ ಅಂತಾರೆ. ಆದರೆ ಕಾವೇರಿ ಓಡಲ್ಲ, ಹರೀತಾಳೆ. ತಮಿಳಿನಲ್ಲಿ ನದಿಗೂ ‘ಓಡು’ ಅನ್ನೋದುಂಟು. ನಮ್ಮಲ್ಲಿ ನದಿ ಓಡಿದರೆ ಕವಿತೆ ಅಂದ್ಕೋತಾರೆ.

ಈ ‘ಹರಿ’ ನೋಡಿ ಎಷ್ಟು ದೂರ ಹೋಗುತ್ತೆ ಅಂತ. ‘ಲಾರಿ ಹರಿದು ಬೈಕ್ ಸವಾರ ಸಾವು’ ಅನ್ನೋ ತಲೆಬರಹ ನಮ್ಮ ವೆಬ್‌ಸೈಟಿನಲ್ಲೂ ನೋಡಿರ್ತೀರಿ. ಇಂಗ್ಲಿಷ್‌ನಲ್ಲಿ ಅದು ‘ರನ್ ಓವರ್’. ‘ಈ ವಿಡಿಯೋ ಸೋಷಿಯಲ್ ಮೀಡಿಯಾದಲ್ಲಿ ಹರಿದಾಡ್ತಾ ಇದೆ’ ಅಂತೀವಿ. ‘ಸ್ವಲ್ಪ ಈ ಕಡೆ ಗಮನ ಹರಿಸಿ’ ಅಂತೀವಿ, ಅವರು ಪುಟದ ಮೇಲೆ ಕಣ್ಣನ್ನು ‘ರನ್’ ಮಾಡ್ತಾರೆ. ‘ಸಂಗೀತ ಅವರ ರಕ್ತದಲ್ಲೇ ಹರಿದು ಬಂದಿದೆ’ ಅಂತೀವಿ, ಅವರು ‘ರನ್ಸ್ ಇನ್ ದ ಬ್ಲಡ್’ ಅಂತಾರೆ. ಯಾರಿಂದ ಯಾರೂ ಕಾಪಿ ಹೊಡೆದಿದ್ದಲ್ಲ ಇದು. ನೀರು ಹರಿಯೋದನ್ನು ನೋಡಿದ ಮನುಷ್ಯ ಎಲ್ಲಿದ್ದರೂ ಹೀಗೇ ಯೋಚಿಸ್ತಾನೆ ಅನ್ಸುತ್ತೆ.

‘ನಡೆ’ ಇನ್ನೂ ತಮಾಷೆ. ಅವರು ಅಂಗಡಿಯನ್ನ ಓಡಿಸ್ತಾರೆ, ನಾವು ನಡೆಸ್ತೀವಿ. ಹೋಟೆಲ್ ನಡೆಸ್ತೀವಿ, ಶಾಲೆ ನಡೆಸ್ತೀವಿ, ಸರ್ಕಾರ ನಡೆಸ್ತೀವಿ, ಸಂಸಾರ ನಡೆಸ್ತೀವಿ. ಅಂದ್ರೆ ಇಂಗ್ಲಿಷ್‌ನಲ್ಲಿ ಓಟದ ಪದ ಮಾಡೋ ಕೆಲಸವನ್ನ ಕನ್ನಡದಲ್ಲಿ ನಡಿಗೆಯ ಪದ ಮಾಡುತ್ತೆ. ನಮ್ಮದು ಸ್ವಲ್ಪ ನಿಧಾನ. ಆದರೆ ಅಂಗಡಿ ಇಟ್ಟವರಿಗೆ ಗೊತ್ತಿರುತ್ತೆ, ಯಾವ ಪದ ಸತ್ಯಕ್ಕೆ ಹತ್ತಿರ ಅಂತ.

ಇನ್ನು ಚುನಾವಣೆ. ಅಮೆರಿಕದಲ್ಲಿ ಅಭ್ಯರ್ಥಿ ‘ರನ್’ ಮಾಡ್ತಾರೆ. ಬ್ರಿಟನ್‌ನಲ್ಲಿ ‘ಸ್ಟ್ಯಾಂಡ್’ ಆಗ್ತಾರೆ. ನಮ್ಮಲ್ಲೂ ‘ಎಲೆಕ್ಷನ್‌ಗೆ ನಿಂತಿದಾರೆ’ ಅಂತೀವಿ. ಒಂದೇ ಕೆಲಸಕ್ಕೆ ಒಂದು ದೇಶದವರು ಓಡ್ತಾರೆ, ಇನ್ನೊಂದು ದೇಶದವರು ನಿಲ್ತಾರೆ. ನಮ್ಮ ಪತ್ರಿಕೆಗಳು ಮಾತ್ರ ಅವರನ್ನ ಕುಸ್ತಿ ಪೈಲ್ವಾನರ ಥರ ‘ಕಣಕ್ಕಿಳಿಸ್ತವೆ’.

ಬ್ಯಾಂಕ್ ರನ್ ಅನ್ನೋದು ಕೇಳಿದ್ದೀರಾ? ಬ್ಯಾಂಕು ಮುಳುಗುತ್ತೆ ಅನ್ನೋ ಭಯದಲ್ಲಿ ಎಲ್ಲರೂ ಒಟ್ಟಿಗೇ ದುಡ್ಡು ವಾಪಸ್ ತಗೊಳ್ಳೋಕೆ ಹೋಗೋದು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಗ್ರಾಹಕರು ಒಂದೇ ದಿನ ವಾಪಸ್ ಕೇಳಿದ ಮೊತ್ತ 4,200 ಕೋಟಿ ಡಾಲರ್. ಮಾರನೇ ದಿನ ಬ್ಯಾಂಕ್ ಮುಚ್ಚಿತು. ಬಹುತೇಕ ಯಾರೂ ಓಡಿರಲಿಲ್ಲ, ಕೂತಲ್ಲೇ ಫೋನು, ಲ್ಯಾಪ್‌ಟಾಪಿನಲ್ಲಿ ದುಡ್ಡು ಕಳಿಸಿಕೊಂಡರು. ಆದರೂ ಅದು ‘ರನ್’. ಕನ್ನಡದಲ್ಲಿ ಇದಕ್ಕೆ ಓಡೋದೂ ಇಲ್ಲ, ಹರಿಯೋದೂ ಇಲ್ಲ. ನಾವು ಬೀಳ್ತೀವಿ: ‘ಜನ ಬ್ಯಾಂಕಿಗೆ ಮುಗಿಬಿದ್ದರು’. ಕ್ರಿಕೆಟ್ಟಲ್ಲೂ ಹಾಗೇ ಅಲ್ವಾ, ಬಾಲ್ ಬೌಂಡರಿ ದಾಟಿದರೆ ಬ್ಯಾಟರ್ ಒಂದು ಹೆಜ್ಜೆ ಇಡದಿದ್ದರೂ ನಾಲ್ಕು ರನ್.

ಇಷ್ಟರವರೆಗೆ ಖುಷಿ ವಿಷಯ. ಆದರೆ ನಾನು ಈ ಕಂತು ಮಾಡೋಕೆ ಕಾರಣ ಬೇರೆ ಇದೆ.

ಕೆಲವು ವಾರಗಳ ಹಿಂದೆ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ದರು. ಓದಿದ್ದು ಕನ್ನಡ ಮಾಧ್ಯಮ, ಬೆಂಗಳೂರಲ್ಲಿ ಮೊದಲನೇ ಕೆಲಸ, ಸೇರಿ ಮೂರು ತಿಂಗಳು. ಅವರು ಮಾಡಿದ್ದ ಒಂದು ಎಸ್ಟಿಮೇಟ್‌ಗೆ ಮ್ಯಾನೇಜರ್ ಉತ್ತರ ಬರೆದಿದ್ದು ಹೀಗೆ: ‘ರನ್ ಇಟ್ ಬೈ ದ ಫೈನಾನ್ಸ್ ಟೀಮ್ ಫಸ್ಟ್.’ ಇವರು ಅರ್ಥ ಮಾಡ್ಕೊಂಡಿದ್ದು, ಮೊದಲು ಫೈನಾನ್ಸ್ ಟೀಮಿನಿಂದ ಇದು ‘ರನ್’ ಆಗುತ್ತೆ, ಅಂದ್ರೆ ಅವರೇ ಮುಂದಿನ ಕೆಲಸ ಮಾಡ್ತಾರೆ, ನಾನು ಕಾಯಬೇಕು ಅಂತ. ಎರಡು ದಿನ ಕಾದರು. ಫೈನಾನ್ಸ್‌ನವರಿಗೆ ಈ ವಿಷಯವೇ ಗೊತ್ತಿಲ್ಲ. ಮೂರನೇ ದಿನ ಮೀಟಿಂಗಲ್ಲಿ ಎಲ್ಲರ ಮುಂದೆ, ‘ಇಷ್ಟು ಸಿಂಪಲ್ ಇಂಗ್ಲಿಷ್ ಅರ್ಥ ಆಗಲ್ವಾ?’

ಅವರ ತರ್ಕ ಎಲ್ಲಿ ತಪ್ಪಿದೆ ಹೇಳಿ? ಶಾಲೆಯಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಕಲಿಸ್ತಾರೆ. ‘ಬೈ’ ಅಂದ್ರೆ ‘ಇಂದ’. ರಾಮನಿಂದ ರಾವಣ ಕೊಲ್ಲಲ್ಪಟ್ಟನು. ಆ ಲೆಕ್ಕದಲ್ಲಿ ‘ರನ್ ಬೈ ಫೈನಾನ್ಸ್’ ಅಂದ್ರೆ ಫೈನಾನ್ಸ್‌ನವರಿಂದ ನಡೆಸಲ್ಪಡೋದು ಅಂತ ಓದೋದು ಪುಸ್ತಕದ ಪ್ರಕಾರ ಸರಿಯಾದ ಓದೇ. ಆದರೆ ಇಲ್ಲಿ ‘ಬೈ’ ಅಂದ್ರೆ ‘ಪಕ್ಕದಲ್ಲಿ’. ಕಾಗದವನ್ನ ಅವರ ಪಕ್ಕದಲ್ಲಿ ಹಾಯಿಸ್ಕೊಂಡು ಬಾ. ಅಂದ್ರೆ ಅವರಿಗೊಂದು ಸಲ ತೋರಿಸು, ಅವರೇನಂತಾರೆ ಕೇಳು. ಕನ್ನಡದಲ್ಲಿ ನಾವೂ ಇಂಥದ್ದೇ ಏನೋ ಹೇಳ್ತೀವಿ: ‘ಅವರ ಕಿವಿಗೊಂದು ಹಾಕಿ ಬಾ.’ ಇದನ್ನ ಅಕ್ಷರಶಃ ಇಂಗ್ಲಿಷ್ ಮಾಡಿ ಆ ಮ್ಯಾನೇಜರಿಗೆ ಕಳಿಸಿದ್ರೆ ಅವರಿಗೆಷ್ಟು ಅರ್ಥ ಆಗ್ತಿತ್ತೋ!

ನನ್ನ ಕಾಡಿದ್ದು ಆ ‘ಇಷ್ಟು ಸಿಂಪಲ್’ ಅನ್ನೋ ಮಾತು. ಕಷ್ಟದ ಪದ ಗೊತ್ತಿಲ್ಲ ಅಂದ್ರೆ ಯಾರೂ ನಗಲ್ಲ. ನೀವೇ ಧೈರ್ಯವಾಗಿ ಕೇಳ್ತೀರಿ, ಅಥವಾ ಫೋನಲ್ಲಿ ನೋಡ್ಕೋತೀರಿ. ‘ರನ್’, ‘ಗೆಟ್’, ‘ಟೇಕ್’, ‘ಪುಟ್’ ಬಂದಾಗ ಕೇಳೋಕೇ ಆಗಲ್ಲ. ಕೇಳಿದ್ರೆ ಮರ್ಯಾದೆ ಹೋಗುತ್ತೆ ಅನ್ನೋ ಭಯ. ಅದಕ್ಕಿಂತ ಅಪಾಯ, ಕೇಳಬೇಕು ಅಂತ ಹೊಳೆಯೋದೇ ಇಲ್ಲ, ಯಾಕಂದ್ರೆ ಗೊತ್ತಿದೆ ಅಂತಲೇ ಅಂದ್ಕೊಂಡಿರ್ತೀವಿ. ಒಬ್ಬ ವೃತ್ತಿಪರ ನಿಘಂಟುಕಾರ ಒಂಬತ್ತು ತಿಂಗಳು ತಲೆ ಕೆಡಿಸ್ಕೊಂಡ ಪದವನ್ನ ಸಿಂಪಲ್ ಅನ್ನೋ ಹಕ್ಕು ಯಾವ ಮ್ಯಾನೇಜರಿಗೂ ಇಲ್ಲ.

ಹಾಗಂತ 645 ಅರ್ಥವನ್ನೂ ಬಾಯಿಪಾಠ ಮಾಡಬೇಕಾ? ಖಂಡಿತ ಬೇಡ. ಅದರಲ್ಲಿ ಈಗ ಯಾರೂ ಬಳಸದ ಹಳೇ ಅರ್ಥಗಳೂ ಸೇರಿವೆ. ಆಕ್ಸ್‌ಫರ್ಡ್ ನಿಘಂಟು ಬಳಕೆ ತಪ್ಪಿದ ಅರ್ಥವನ್ನೂ ಬಿಸಾಡಲ್ಲ. ಇನ್ನೊಂದು, ಎಷ್ಟು ಅರ್ಥ ಅನ್ನೋದು ಸಂಪಾದಕರು ಎಷ್ಟು ಸಣ್ಣದಾಗಿ ಸೀಳ್ತಾರೆ ಅನ್ನೋದರ ಮೇಲೂ ನಿಂತಿದೆ. ನಿಮಗೆ ಬೇಕಾಗಿರೋದು ಬೇರೆ: ‘ರನ್’ನ ಪಕ್ಕದ ಮನೆಯವರು ಯಾರು ಅಂತ ನೋಡೋ ಅಭ್ಯಾಸ.

ನೀರು, ಮೂಗು, ಬಣ್ಣ ಪಕ್ಕದಲ್ಲಿದ್ದರೆ ಅದು ಹರಿಯೋ ‘ರನ್’. ಬಟ್ಟೆಯ ಲೇಬಲ್ ಮೇಲೆ ‘ಕಲರ್ಸ್ ಮೇ ರನ್’ ಅಂತಿದ್ದರೆ ಬಣ್ಣ ಬಿಡುತ್ತೆ, ಬಿಳಿ ಬಟ್ಟೆ ಜೊತೆ ನೆನೆಸಬೇಡಿ ಅಂತ. ಅಂಗಡಿ, ಕಂಪನಿ, ದೇಶ ಪಕ್ಕದಲ್ಲಿದ್ದರೆ ನಡೆಸೋ ‘ರನ್’. ಟೆಸ್ಟ್, ಚೆಕ್, ಸ್ಕ್ಯಾನ್ ಅಂತಿದ್ದರೆ ಬರೀ ‘ಮಾಡು’. 2021ರ ಜನವರಿಯಲ್ಲಿ ಕೋವಿಡ್ ಲಸಿಕೆಯ ‘ಡ್ರೈ ರನ್’ ಅಂತ ಸುದ್ದಿ ಬಂತಲ್ಲ, ನೆನಪಿದೆಯಾ? ನಿಜವಾದ ಲಸಿಕೆ ಇಲ್ಲದೆ ಇಡೀ ವ್ಯವಸ್ಥೆಯನ್ನ ಒಂದ್ಸಲ ಮಾಡಿ ನೋಡೋದು. ಅದಕ್ಕೆ ನಮ್ಮಲ್ಲಿ ‘ತಾಲೀಮು’ ಅನ್ನೋ ಚೆಂದದ ಪದ ಇತ್ತು, ಕೆಲವು ಪತ್ರಿಕೆಗಳು ಬಳಸಿದವು ಕೂಡ.

‘ರನ್’ನ ಹಿಂದೆ ಬರೋ ಚಿಕ್ಕ ಪದದ ಮೇಲಂತೂ ಎರಡು ಕಣ್ಣಿಡಿ. ‘ರನ್ ಔಟ್ ಆಫ್’ ಬಂದರೆ ಖಾಲಿ ಆಯ್ತು. ಡೇಟಾ ಖಾಲಿ, ಗ್ಯಾಸ್ ಖಾಲಿ, ಟೈಮ್ ಮುಗೀತು. ‘ರನ್ ಇನ್‌ಟು’ ಆದರೆ ಅಚಾನಕ್ಕಾಗಿ ಸಿಕ್ಕಿದ್ರು, ಅಥವಾ ಗಾಡಿ ಹೋಗಿ ಗುದ್ದಿತು. ‘ರನ್ ಥ್ರೂ’ ಆದರೆ ಮೊದಲಿಂದ ಕೊನೇವರೆಗೆ ಬೇಗ ಬೇಗ ಒಮ್ಮೆ ನೋಡೋದು. ‘ರನ್ ಅಪ್ ಎ ಬಿಲ್’ ಅಂದ್ರೆ ಬಿಲ್ಲು ಏರಿಸ್ಕೊಂಡು ಕೂತಿದ್ದಾರೆ ಅಂತ. ಈ ಚಿಕ್ಕ ಪದ ಬದಲಾದರೆ ‘ರನ್’ನ ಜಾತಕವೇ ಬದಲಾಗುತ್ತೆ.

ಈಗ ಉಲ್ಟಾ ಕಡೆಯಿಂದ ನೋಡೋಣ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಮಾತಾಡುವಾಗ ನಾವು ಎಲ್ಲಿ ಎಡವ್ತೀವಿ? ‘ಓಡು’ ಮತ್ತು ‘ರನ್’ ಜೊತೆಜೊತೆಯಾಗಿ ಬಹಳ ದೂರ ಹೋಗ್ತವೆ ಅಂದ್ನಲ್ಲ, ಅವು ಕೈ ಬಿಡೋ ಜಾಗದಲ್ಲೇ.

ಮೊದಲನೇದು ಗಾಡಿ. ಕನ್ನಡದಲ್ಲಿ ಡ್ರೈವರೂ ಬಸ್ ಓಡಿಸ್ತಾರೆ, ಕೆಎಸ್‌ಆರ್‌ಟಿಸಿಯೂ ಬಸ್ ಓಡಿಸುತ್ತೆ. ಇಂಗ್ಲಿಷ್‌ನಲ್ಲಿ ಡ್ರೈವರ್ ‘ಡ್ರೈವ್’ ಮಾಡ್ತಾರೆ, ಸಂಸ್ಥೆ ‘ರನ್’ ಮಾಡುತ್ತೆ. ನೀವು ಇಂಟರ್‌ವ್ಯೂನಲ್ಲಿ ‘ಐ ರನ್ ಎ ಬಸ್’ ಅಂದ್ರೆ ಕೇಳಿದವರು ಓಹೋ, ಇವರು ಬಸ್ ಮಾಲೀಕರು ಅಂದ್ಕೋತಾರೆ!

ಎರಡನೇದು ವ್ಯಾಪಾರ. ಮೊಬೈಲ್ ಅಂಗಡಿಯವರು ‘ಈ ಮಾಡೆಲ್ ಚೆನ್ನಾಗಿ ಓಡ್ತಾ ಇದೆ ಸಾರ್’ ಅಂದ್ರೆ ಚೆನ್ನಾಗಿ ಮಾರಾಟ ಆಗ್ತಾ ಇದೆ ಅಂತ. ಅದನ್ನೇ ‘ರನ್ಸ್ ವೆಲ್’ ಅಂತ ಮಾಡಿದ್ರೆ ಅರ್ಥ ಬೇರೆ. ಫೋನ್ ಹ್ಯಾಂಗ್ ಆಗಲ್ಲ, ಚೆನ್ನಾಗಿ ಕೆಲಸ ಮಾಡುತ್ತೆ ಅಂತಾಗುತ್ತೆ. ಸೇಲ್ಸ್ ಕೆಲಸದಲ್ಲಿರೋರು ಇದನ್ನ ಗಮನಿಸಿ, ಒಂದು ಮಾರಾಟದ ವರದಿ, ಇನ್ನೊಂದು ಗ್ರಾಹಕರಿಗೆ ಕೊಟ್ಟ ಭರವಸೆ.

ಮೂರನೇದು ಸಿನಿಮಾ. ‘ಪಿಕ್ಚರ್ ಓಡ್ಲಿಲ್ಲ’ ಅಂದ್ರೆ ಸೋತುಹೋಯ್ತು ಅಂತ ನಮಗೆಲ್ಲ ಗೊತ್ತು. ‘ಓಡಿತು’ ಅನ್ನೋ ಒಂದೇ ಪದದಲ್ಲಿ ಗೆಲುವು ಇದೆ. ಇಂಗ್ಲಿಷ್‌ನಲ್ಲಿ ಬರೀ ‘ದ ಫಿಲ್ಮ್ ರ‍್ಯಾನ್’ ಅಂದ್ರೆ ಗೆಲುವೂ ಇಲ್ಲ, ಸೋಲೂ ಇಲ್ಲ. ಎಷ್ಟು ದಿನ ಅಂತ ಹೇಳಬೇಕು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಿತು ಅನ್ನೋದನ್ನ ಇಂಗ್ಲಿಷ್‌ಗೆ ಹಾಗೇ ‘ರ‍್ಯಾನ್’ ಅಂತ ಹಾಕಬಹುದು, ಅವಧಿ ಇದೆ. ‘ಡಿಡ್ ನಾಟ್ ರನ್’ ಅಂತ ಬರೆದರೆ ಮಾತ್ರ ಥಿಯೇಟರಿನಲ್ಲಿ ಪ್ರದರ್ಶನವೇ ಆಗಲಿಲ್ಲವೇನೋ ಅಂತ ಓದಿದವರು ತಲೆ ಕೆರ್ಕೋತಾರೆ.

ತಲೆ ಅಂದ್ಕೂಡ್ಲೆ ನೆನಪಾಯ್ತು. ‘ತಲೆ ಓಡ್ತಾ ಇಲ್ಲ’ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ದಯವಿಟ್ಟು ತಲೆಯನ್ನ ಓಡಿಸೋಕೆ ಹೋಗಬೇಡಿ. ಅಲ್ಲಿ ತಲೆ ‘ವರ್ಕ್’ ಆಗುತ್ತೆ, ಇಲ್ಲಾ ಆಗಲ್ಲ.

ಫೋನಿನಲ್ಲಿ ಅನುವಾದದ ಆ್ಯಪ್ ಬಳಸೋರಿಗೆ ಒಂದು ಮಾತು. ‘ರನ್’ ಅಂತ ಒಂಟಿ ಪದ ಹಾಕಿ ಅರ್ಥ ಹುಡುಕಬೇಡಿ, ‘ಓಡು’ ಅಂತ ಬರುತ್ತೆ, ಅದು ನಿಮಗೆ ಮೊದಲೇ ಗೊತ್ತಿತ್ತು. ಇಡೀ ವಾಕ್ಯ ಹಾಕಿ, ಸಾಧ್ಯವಾದರೆ ಅದರ ಹಿಂದಿನ ವಾಕ್ಯವನ್ನೂ ಸೇರಿಸಿ. ನಿಘಂಟೇ ಬೇಕು ಅನ್ನೋರಿಗೆ ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯ ಅವರ ಇಂಗ್ಲಿಷ್-ಕನ್ನಡ ನಿಘಂಟಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದವರು, 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಆ ಸಂಪುಟಗಳು ಲೈಬ್ರರಿಯಲ್ಲಿ ಸಿಕ್ಕರೆ ‘ಹರಿ’ ಅನ್ನೋ ಪದ ತೆಗೆದು ನೋಡಿ. ನೀರು ಹರಿಯುತ್ತೆ, ಬಟ್ಟೆ ಹರಿಯುತ್ತೆ, ಬೆಳಕು ಹರಿಯುತ್ತೆ, ಹಾವೂ ಹರಿಯುತ್ತೆ. ಕನ್ನಡ ಕಲಿಯೋಕೆ ಬಂದವರು ನಮ್ಮಿಂದ ಎಷ್ಟು ಕಷ್ಟ ಪಡ್ತಾರೆ ಅಂತಲೂ ಗೊತ್ತಾಗುತ್ತೆ.

ಆಫೀಸಿನಲ್ಲಿ ಇಂಥ ವಾಕ್ಯ ಬಂದು ಅನುಮಾನ ಆದರೆ ಏನು ಮಾಡೋದು? ‘ರನ್ ಅಂದ್ರೇನು’ ಅಂತ ಕೇಳೋದು ಕಷ್ಟ, ಒಪ್ತೀನಿ. ಅದರ ಬದಲು ನೀವು ಅಂದ್ಕೊಂಡಿರೋದನ್ನೇ ವಾಪಸ್ ಬರೆದು ಕೇಳಿ: ‘ಸೋ ಐ ವಿಲ್ ಶೋ ಇಟ್ ಟು ಫೈನಾನ್ಸ್ ಅಂಡ್ ಗೆಟ್ ಬ್ಯಾಕ್, ಓಕೆ?’ ಸರಿಯಿದ್ದರೆ ಓಕೆ ಬರುತ್ತೆ, ತಪ್ಪಿದ್ದರೆ ತಿದ್ದಿ ಬರುತ್ತೆ. ಎರಡು ದಿನ ಉಳಿಯುತ್ತೆ. ಯಾರಿಗೂ ನಿಮಗೆ ಪದ ಗೊತ್ತಿರಲಿಲ್ಲ ಅಂತ ಅನಿಸೋದೂ ಇಲ್ಲ, ಬದಲಿಗೆ ಜವಾಬ್ದಾರಿ ಇರೋ ಉದ್ಯೋಗಿ ಅನ್ಸುತ್ತೆ.

ಆಸ್ಪತ್ರೆಯಲ್ಲಿ ಇದು ಇನ್ನೂ ಮುಖ್ಯ. ಅಪ್ಪ ಅಮ್ಮನನ್ನ ಕರ್ಕೊಂಡು ಹೋದಾಗ ಡಾಕ್ಟರ್ ಹತ್ರ ಮಾತಾಡೋದು ಸಾಮಾನ್ಯವಾಗಿ ನೀವೇ. ‘ಈಸ್ ಹಿ ರನ್ನಿಂಗ್ ಎ ಟೆಂಪರೇಚರ್?’ ಅಂದ್ರೆ ಜ್ವರ ಇದೆಯಾ ಅಂತ. ‘ಡಸ್ ಇಟ್ ರನ್ ಇನ್ ದ ಫ್ಯಾಮಿಲಿ?’ ಅಂದ್ರೆ ಮನೆತನದಲ್ಲಿ ಬೇರೆ ಯಾರಿಗಾದರೂ ಈ ಕಾಯಿಲೆ ಇತ್ತಾ ಅಂತ. ಇದಕ್ಕೆ ಸುಮ್ಮನೆ ತಲೆಯಾಡಿಸಬೇಡಿ. ಅಜ್ಜನಿಗೆ ಶುಗರ್ ಇತ್ತಾ, ಚಿಕ್ಕಪ್ಪನಿಗೆ ಹಾರ್ಟ್ ಪ್ರಾಬ್ಲಮ್ ಇತ್ತಾ, ನೆನಪು ಮಾಡ್ಕೊಂಡು ಹೇಳಿ. ‘ದ ರನ್ಸ್’ ಅಂತ ಕೇಳಿದ್ರೆ ಕ್ರಿಕೆಟ್ ಅಲ್ಲ, ಭೇದಿ ಆಗ್ತಾ ಇದೆಯಾ ಅಂತ. ಅರ್ಥ ಆಗದಿದ್ದರೆ ಕನ್ನಡದಲ್ಲೇ ಕೇಳಿ, ಅಲ್ಲಿ ಸಂಕೋಚ ಬೇಡವೇ ಬೇಡ.

ಇವತ್ತಿಗೆ ಇಷ್ಟು. ಇಂಗ್ಲಿಷ್‌ನ ಯಾವ ಪುಟ್ಟ ಪದ ನಿಮಗೆ ಕೈ ಕೊಟ್ಟಿದೆ ಅಂತ ವಾಯ್ಸ್ ಮೆಸೇಜ್ ಕಳಿಸಿ, ಹೆಸರು ಹೇಳಬೇಕಂತಿಲ್ಲ. ಮುಂದಿನ ಕಂತಿಗೆ ‘ಟೇಕ್’ ಇಟ್ಕೊಂಡಿದೀನಿ. ಅವರು ಬಸ್ಸು, ಫೋಟೋ, ಮಾತ್ರೆ, ರಜೆ ಎಲ್ಲದಕ್ಕೂ ‘ಟೇಕ್’ ಅಂತಾರೆ. ನಾವು ಬಸ್ ಹತ್ತುತ್ತೀವಿ, ಫೋಟೋ ತೆಗೀತೀವಿ, ಮಾತ್ರೆ ನುಂಗ್ತೀವಿ, ರಜೆ ಹಾಕ್ತೀವಿ. ಸಿಗೋಣ.